ಸಾಲಿನ ಹಿಂದೆ ನಡೆದವಳು

ದ್ರಾಕ್ಷಿ ತೋಟದವರು ವರ್ಷಕ್ಕೆ ಎರಡು ಸಲ ಕತ್ತರಿ ಹಿಡಿಯುತ್ತಾರೆ; ಚಾಟಣಿ ಎಂದು ಅದರ ಹೆಸರು. ಬೇಸಿಗೆಯಲ್ಲಿ ಹಣ್ಣು ಇಳಿದ ಮೇಲೆ ಕಡ್ಡಿಯನ್ನು ಮೋಟಾಗಿ ಕತ್ತರಿಸಿ, ಚಿಗುರೊಡೆಯುವ ಕಣ್ಣು ಒಂದನ್ನೇ ಉಳಿಸುತ್ತಾರೆ. ಅದು ಬಳ್ಳಿ ಹೊಸದಾಗಿ ಬೆಳೆಯಲಿ ಎಂದು. ಮಹಾನವಮಿಯ ಹೊತ್ತಿಗೆ ಏಳೆಂಟು ಕಣ್ಣು ಬಿಟ್ಟು ತುದಿಯನ್ನಷ್ಟೇ ತೆಗೆಯುತ್ತಾರೆ, ಅದು ಹಣ್ಣಿಗೆ. ಬೇಸಿಗೆಯ ಚಾಟಣಿಯನ್ನು ಮಹಾನವಮಿಗೆ ಮಾಡಿದರೆ ಆ ವರ್ಷ ಎಲೆ ಉಂಟು, ಗೊನೆ ಇಲ್ಲ. ಅಥಣಿ ಸೀಮೆಯಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬಾಬಾಸಾಹೇಬರಿಗಂತೂ ಹೇಳುವ ಮಾತೇ ಇಲ್ಲ. ಸುತ್ತಲಿನ ತೋಟದವರು ತಮ್ಮ ಮೊದಲ ಬಳ್ಳಿ ಕತ್ತರಿಸಲು ಅವರನ್ನೇ ಗಾಡಿ ಕಳಿಸಿ ಕರೆಸುತ್ತಿದ್ದರು.

ಹಾರೂಗೇರಿಯಲ್ಲಿ ಮಗಳ ಕೂಸಿನ ತೊಟ್ಟಿಲ ಕಾರ್ಯ ಮುಗಿಸಿಕೊಂಡು ಲಕ್ಕವ್ವ ಬಸ್ಸಿಳಿದಾಗ ಇನ್ನೂ ಬಿಸಿಲಿತ್ತು. ಕಂಕುಳಲ್ಲಿ ಮಗಳು ಕಟ್ಟಿಕೊಟ್ಟ ಸಿಹಿ ಮಾದಲಿಯ ಡಬ್ಬಿ. ಗಂಡ ಬಾಬಾಸಾಹೇಬರಿಗೆ ಮಾದಲಿ ಎಂದರೆ ಪ್ರಾಣ. ಬಿಸಿ ಹಾಲು ಹಾಕಿ ಕೊಡಬೇಕು ಎಂದುಕೊಳ್ಳುತ್ತ ತೋಟದ ನಡುವಿನ ವಸ್ತಿಯ ಮನೆಯ ದಾರಿ ಹಿಡಿದಳು. ತಿರುವಿನಲ್ಲಿ ಅವರ ದ್ರಾಕ್ಷಿಯ ಹಳೆಯ ಪ್ಲಾಟು ಕಾಣಿಸಿತು. ಕಾಲು ಅಲ್ಲೇ ನಿಂತವು.

ಪ್ಲಾಟು ಬೋಳಾಗಿತ್ತು. ಕಂಬ, ತಂತಿ, ತಂತಿಗೆ ಅಂಟಿದ ಮೋಟುಗಳು. ಕತ್ತರಿಸಿದ ಕಡ್ಡಿ ಸಾಲುಸಾಲಿನ ನಡುವೆ ಮೊಣಕಾಲೆತ್ತರ ಬಿದ್ದಿತ್ತು.

ಮನೆಯ ಅಂಗಳದಿಂದ ಮಗ ಈಶ್ವರನ ಕೂಗು ಕೇಳಿ ಅವಳು ಓಡಿದಳು. ಚಾಟಣಿಯ ಗ್ಯಾಂಗು ಪೂರ್ತಿ ಅಲ್ಲೇ ನಿಂತಿತ್ತು. ಮುಂದೆ ಗ್ಯಾಂಗಿನ ಮುಕಾದಮ ಜಕ್ಕಪ್ಪ. ಕುರಿಗಳನ್ನು ಮಗನ ಕೈಗೆ ಕೊಟ್ಟು ಈ ಕೆಲಸಕ್ಕೆ ಇಳಿದವನು. ಅವನ ಹಿಂದೆ ಹೆಂಡತಿ ತಾರವ್ವ, ಅವಳ ಹಿಂದೆ ಹೆಣ್ಣಾಳುಗಳು.

"ನಾ ಕೇಳಿದ್ನಿರಿ ತಮ್ಮಾರ," ಎನ್ನುತ್ತಿದ್ದ ಜಕ್ಕಪ್ಪ. "ಸಾವ್ಕಾರ್ರ, ಇದು ಎಪ್ರಿಲ್ ಚಾಟಣಿ ಆದಂಗ ಆಕ್ಕೈತಲ್ರಿ ಅಂದೆ. 'ನಿನ್ನ ಕುರಿ ಕತ್ತರ್ಸೂದು ನನಗ ಗೊತ್ತಿಲ್ಲ, ನನ್ನ ಬಳ್ಳಿ ಕತ್ತರ್ಸೂದು ನಿನಗ ಗೊತ್ತಿಲ್ಲ' ಅಂದ್ರು. ಮೊದಲಿನ ಬಳ್ಳಿ ಅವರ ಕತ್ತರ್ಸಿ ತೋರ್ಸಿದ್ರು. ತೋರ್ಸಿದಂಗ ನಾವ ಮಾಡಿದ್ವಿ."

ಅದು ಅಲ್ಲಿಯ ರೂಢಿ. ತೆಂಗಿನಕಾಯಿ ಒಡೆದು, ಮೊದಲ ಬಳ್ಳಿಗೆ ಅರಿಶಿನ ಕುಂಕುಮ ಹಚ್ಚಿ, ಮನೆಯ ಹಿರಿಯ ಕತ್ತರಿ ಇಡಬೇಕು. ಅವನು ಕತ್ತರಿಸಿದ್ದೇ ಅಳತೆ. ಗ್ಯಾಂಗು ಅದನ್ನು ನೋಡಿ ಉಳಿದದ್ದನ್ನು ಕತ್ತರಿಸಿಕೊಂಡು ಹೋಗುತ್ತದೆ.

ಬಾಬಾಸಾಹೇಬರು ಕಟ್ಟೆಯ ಮೇಲೆ ಕುಳಿತಿದ್ದರು. ಬಿಳಿ ಟೊಪ್ಪಿಗೆ, ತೊಡೆಯ ಮೇಲೆ ಕತ್ತರಿ. ಲಕ್ಕವ್ವ ಬಂದದ್ದನ್ನು ಕಂಡು ಅವಳ ಮುಖವನ್ನೇ ನೋಡಿದರು. ಆ ನೋಟ ಅವಳಿಗೆ ಗೊತ್ತು. 'ನಾ ಮಾಡಿದ್ದು ಸರಿಯೋ ತಪ್ಪೋ, ಬೇಗ ಹೇಳು' ಎನ್ನುವ ನೋಟ.

"ಬಾಯಿ ಬಿಡಪ್ಪಾ!" ಈಶ್ವರ ಚೀರಿದ. "ನಾ ಕಣ್ಣಿಗೆ ಹಚ್ಚೂ ಪೇಸ್ಟ್ ತರಾಕ ಸಾಂಗಲಿಗೆ ಹೋಗಿ ಬರೂದರಾಗ ಒಂದ್ ವರ್ಷದ ಹಣ್ಣು ಕತ್ತರಿಸಿ ಒಗದಿ. ಯಾಕ?"

ಬಾಬಾಸಾಹೇಬರು ಕತ್ತರಿಯತ್ತ ನೋಡಿದರು, ತೋಟದತ್ತ ನೋಡಿದರು. ಏನೋ ಹೊಳೆಯಿತು.

"ಬೇಕಂತ ಮಾಡೀನಿ," ಎಂದರು. "ಈ ಪ್ಲಾಟ್ ಕಿತ್ತಿ ಒಗದು ಬ್ಯಾರೆ ಜಾತಿ ಹಚ್ಚತೀನಿ ಅಂತ ಶ್ರಾವಣದಾಗ ಕುಣದಿದ್ದಿ. ತಗೊ, ನಿನ್ನ ಅರ್ಧಾ ಕೆಲಸ ಮಾಡಿ ಕೊಟ್ಟೀನಿ."

ಈಶ್ವರನ ಮುಖ ಕಪ್ಪಿಟ್ಟಿತು. "ಆ ಕತ್ತರಿ ಬಳ್ಳಿಗಲ್ಲ, ನಿನ್ನ ತಲಿಗೆ ಹಾಕೊಬೇಕಿತ್ತ!"

ತಾರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಲವತ್ತು ದಾಟಿದ ಮಗ, ಆಳುಗಳ ಮುಂದೆ, ತಂದೆಗೆ.

ಲಕ್ಕವ್ವ ಮಾದಲಿಯ ಡಬ್ಬಿಯನ್ನು ಎದೆಗೆ ಅವುಚಿಕೊಂಡು ನಿಂತೇ ಇದ್ದಳು. ಬಾಯಿ ತೆರೆದರೆ ಒಂದೇ ಮಾತು ಸಾಕಿತ್ತು. ತೆರೆಯಲಿಲ್ಲ.

ಅವಳಿಗೆ ಗೊತ್ತಾಗಿ ಎರಡು ವರ್ಷವಾಗಿತ್ತು. ಆ ವರ್ಷದ ಚಾಟಣಿಯಲ್ಲಿ, ಕಾಯಿ ಒಡೆದ ಮೇಲೆ, ಬಾಬಾಸಾಹೇಬರು ಕತ್ತರಿ ಎತ್ತಿ ಹಾಗೇ ನಿಂತುಬಿಟ್ಟಿದ್ದರು. ಆರತಿ ತಟ್ಟೆ ಹಿಡಿದು ಪಕ್ಕದಲ್ಲಿದ್ದ ಇವಳು ತುಟಿ ಅಲುಗಿಸದೆ, "ಹಣ್ಣಿಂದ್ರಿ. ಎಂಟ ಕಣ್ಣ," ಎಂದಿದ್ದಳು. ಕತ್ತರಿ ಸರಿಯಾದ ಜಾಗಕ್ಕೆ ಹೋಯಿತು. ಮುಂದೆ ಸಾಲು ಬದಲಿಸಿದಾಗೆಲ್ಲ ಅವರ ಹಿಂದೆ ಹಿಂದೆ ನಡೆದಳು. "ವೈನಿ ಈ ವಯಸ್ಸಿನಾಗೂ ಸಾವ್ಕಾರ್ರ ಬೆನ್ನ ಬಿಡವಲ್ರು," ಎಂದು ಹೆಂಗಸರು ನಕ್ಕಿದ್ದರು. ನಗಲಿ ಎಂದುಕೊಂಡಿದ್ದಳು. ಆಮೇಲೆ ಮನೆಗೆ ಬಂದವರ ಹೆಸರನ್ನು ಮೊದಲೇ ಅವರ ಕಿವಿಗೆ ಹಾಕುವುದು, ಅಂಗಡಿಗೆ ತಾನೇ ಹೋಗುವುದು, ಒಂದೇ ಮಾತು ಎರಡು ಸಲ ಬಂದರೆ ತಾನು ನಡುವೆ ಬಾಯಿ ಹಾಕಿ ಮಾತು ತಿರುಗಿಸುವುದು, ಎಲ್ಲ ಒಲೆ ಹಚ್ಚಿದಷ್ಟು ರೂಢಿಯಾಗಿ ಹೋಗಿತ್ತು.

ಈ ಸಲ ಮಳೆ ನಿಂತಿಲ್ಲ, ಚಾಟಣಿ ತಡ ಎಂದು ಮಗ ಅಂದದ್ದನ್ನು ನಂಬಿ ತೊಟ್ಟಿಲಿಗೆ ಹೋದಳು. ಅವಳು ಅತ್ತ ಹೋದದ್ದೇ ತಡ, ಮಳೆ ನಿಂತುಬಿಟ್ಟಿತು.

ಹಟಮಾರಿ ಎಂದರೆ ಜನ ಬಯ್ಯುತ್ತಾರೆ, ತಲೆ ಹೋಗಿದೆ ಎಂದರೆ ನಗುತ್ತಾರೆ. ಬಯ್ಯಿಸಿಕೊಂಡು ಬದುಕಬಹುದು ಎಂದು ಲಕ್ಕವ್ವ ಆ ಸಂಜೆ ತನಗೆ ತಾನೇ ಹೇಳಿಕೊಂಡಳು. ಹಾಲು ಬಿಸಿ ಮಾಡಿ ಮಾದಲಿ ಕಲಸಿ ಕೊಟ್ಟಳು. ಬಾಬಾಸಾಹೇಬರು ಚಪ್ಪರಿಸಿ ತಿಂದು, "ಹಾರೂಗೇರಿಗೆ ಯಾವಾಗ ಹೋಗೂದು, ಕೂಸಿನ ತೊಟ್ಟಿಲಕ್ಕ?" ಎಂದು ಕೇಳಿದರು.

ಮನೆಯಲ್ಲಿ ಅಪ್ಪ ಮಗನ ಮಾತು ನಿಂತಿತು. ಈಶ್ವರ ತಂದೆಯ ಜೊತೆ ಊಟಕ್ಕೆ ಕೂಡುವುದನ್ನು ಬಿಟ್ಟ. ಅವರು ಉಂಡೆದ್ದ ಮೇಲೆ ಬರುವನು, ರೊಟ್ಟಿ ಮುರಿಯುವನು, ಗೋಡೆ ನೋಡುತ್ತ ತಿನ್ನುವನು.

"ಅವ್ವಾ, ದಿವಾಳಿ ಹಬ್ಬ ಆಗ್ಲಿ," ಎಂದ ಒಂದು ದಿನ. "ಒಲಿ ಬ್ಯಾರೆ ಮಾಡೂನು. ಅವರ ಪಾಲಿಂದು ಅವರ ನೋಡ್ಕೊಳ್ಳಿ. ಬೇಕಾದ್ರ ಕತ್ತರಿಸಿಕೊಳ್ಳಿ, ಬೇಕಾದ್ರ ಸುಟ್ಟಕೊಳ್ಳಿ."

"ಒಂದ ಪಡಸಾಲ್ಯಾಗ ಎರಡ ಒಲಿ ಹೂಡಿದ್ರ ಮಂದಿ ಏನಂದಾರೋ?"

"ಮಂದಿ ಅಂದ ಮುಗಿಸ್ಯಾರ. 'ಬಾಬಾಸಾಹೇಬ ಮಗನ ಮ್ಯಾಲಿನ ಸಿಟ್ಟಿಗೆ ತೋಟ ಬೋಳಿಸ್ಯಾನ' ಅಂತ ಅಥಣಿ ಪ್ಯಾಟ್ಯಾಗ ಚಹಾದ ಅಂಗಡ್ಯಾಗ ಆಡಾಕತ್ತಾರ. ನಾ ತಲಿ ಎತ್ತಿ ಹೋಗದಂಗ ಆಗೈತಿ."

ಸೊಸೆ ಮನೀಷಾ ಪಲ್ಯ ಬಡಿಸಿದಳು. ಮರುದಿನ ಹಿತ್ತಲ ಕೋಣೆಯಲ್ಲಿ ಹೊಸ ಗ್ಯಾಸಿನ ಒಲೆಯ ಡಬ್ಬಿ ಬಂದು ಕೂತಿತು. ಲಕ್ಕವ್ವ ಕಸ ಹೊಡೆಯುವಾಗ ಅದರ ಸುತ್ತ ಹೊಡೆದಳು, ಅದನ್ನು ಸರಿಸಲಿಲ್ಲ.

ಆ ವಾರ ಈಶ್ವರನ ಮಗಳು ಸ್ನೇಹಲ ಚಿಕ್ಕೋಡಿಯಿಂದ ರಜೆಗೆ ಬಂದಳು. ಅಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುವ ಹುಡುಗಿ. ಲಕ್ಕವ್ವ ಪುಂಡಿಪಲ್ಯ ಸೋಸುತ್ತಿದ್ದಾಗ ಬಂದು ಪಕ್ಕದಲ್ಲಿ ಕೂತಳು.

"ಆಯೀ, ಅಜ್ಜ ನನ್ನ 'ಯಾವಾಗ ಬಂದಿ' ಅಂತ ಮುಂಜಾನಿಂದ ಕೇಳಿದ್ದ ಕೇಳಾಕತ್ತಾನ."

"ಮುದ್ದಿನ ಮೊಮ್ಮಗಳು ಅದೀ, ಕೇಳ್ತಾರ."

"ಚಾಟಣಿ ಬಗ್ಗೆ ಕೇಳಿದೆ. 'ಹಣ್ಣ ಇಳದು ಆತಲ್ಲ, ಇನ್ನ ಬಳ್ಳಿ ಬೆಳಿಬೇಕ' ಅಂದ. ಆಯೀ, ಅಜ್ಜಗ ಈಗ ಬ್ಯಾಸಗಿ ಅಂತ ಅನಿಸೇತಿ. ಅದು ಸಿಟ್ಟಲ್ಲ."

ಲಕ್ಕವ್ವನ ಕೈ ನಿಂತಿತು. "ನಾಕ ಅಕ್ಷರ ಕಲತ ಬಂದು ಹಿರ್ಯಾರಿಗೆ ಹುಚ್ಚ ಕಟ್ಟಬ್ಯಾಡ," ಎಂದಳು. ಅಷ್ಟು ಕಟುವಾಗಿ ಮೊಮ್ಮಗಳಿಗೆ ಎಂದೂ ಮಾತಾಡಿರಲಿಲ್ಲ.

ಸ್ನೇಹಲ ಸುಮ್ಮನಾಗುವ ಹುಡುಗಿಯಲ್ಲ. ಆ ಸಂಜೆ ಅಪ್ಪನ ಊಟದ ಹೊತ್ತಿಗೆ ಮಾತು ತೆಗೆದಳು. ಚಿಕ್ಕೋಡಿಯ ಒಂದು ಆಸ್ಪತ್ರೆಗೆ ಹೊರಗಿನ ಡಾಕ್ಟರರ ತಂಡ ಬರುತ್ತದೆ. ವಯಸ್ಸಾದವರ ತಲೆಗೆ ಸಣ್ಣ ಸಣ್ಣ ವೈರು ಅಂಟಿಸಿ ಮಿದುಳಿನ ಅಲೆಗಳನ್ನು ಬರೆದುಕೊಳ್ಳುತ್ತದೆ. ಮರೆವಿನ ಕಾಯಿಲೆ ಬಲಿಯುವ ಮೊದಲೇ ಆ ಅಲೆಗಳಲ್ಲಿ ಅದರ ಗುರುತು ಸಿಗುತ್ತದೆಯೇ ಎಂದು ಅಭ್ಯಾಸ ಮಾಡುತ್ತಿದೆ.

"ತಲಿಗೆ ಶಾಕ್ ಕೊಡತಾರಲ್ಲ, ಅದ?" ಮನೀಷಾ ಬೆಚ್ಚಿದಳು.

"ಶಾಕ್ ಅಲ್ಲ ಮಮ್ಮಿ. ಅದು ಏನೂ ಕೊಡೂದಿಲ್ಲ, ಬರೀ ಕೇಳಸ್ಕೊಂತೈತಿ. ಎದಿಗೆ ನಳಿ ಹಚ್ಚಿ ಕೇಳ್ತಾರಲ್ಲ, ಹಂಗ."

"ಹಟಕ್ಕ ಯಾವ ಮಶೀನ್ ಕಂಡ ಹಿಡದಾರ?" ಎಂದ ಈಶ್ವರ.

ಮನೀಷಾ ಅವನ ತಾಟಿಗೆ ಮೊಸರು ಹಾಕುತ್ತ ಮೆಲ್ಲಗೆ ಅಂದಳು: "ಕರ್ಕೊಂಡ ಹೋಗಿ ಬರ್ರಿ. ಮಾವಾರ ತಲಿ ಸರಿ ಐತಿ ಅಂದ್ರ ಬಂದು ಒಲಿ ಹೂಡೂನಂತ. ಆಗರೆ ಮನಸ್ಸಿಗೆ ಚುಚ್ಚೂದಿಲ್ಲ."

ಲಕ್ಕವ್ವ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಟ್ಟಳು. ಬೇಡ ಎಂದರೆ ಅನುಮಾನ ಹುಟ್ಟುತ್ತದೆ. ಹೋದರೆ ಗುಟ್ಟು ರಟ್ಟಾಗುತ್ತದೆ. ಕೊನೆಗೆ ಅವಳಿಗೆ ಅವಳದೇ ದಾರಿ ಹೊಳೆಯಿತು: ಶಾಲೆಗೆ ಹೋಗುವ ಕೂಸನ್ನು ಓದಿಸಿದಂತೆ ಗಂಡನನ್ನು ಓದಿಸುವುದು.

ಅಂದಿನಿಂದ ರೊಟ್ಟಿ ಬಡಿಯುವಾಗ ಅವರನ್ನು ಒಲೆಯ ಮುಂದೆ ಕೂರಿಸಿಕೊಂಡಳು. ಒಂದು ರೊಟ್ಟಿಗೆ ಒಂದು ಪ್ರಶ್ನೆ.

"ಇದು ಯಾವ ತಿಂಗಳ್ರಿ?"

"ಚಾಟಣಿ ತಿಂಗಳು."

"ಹಂಗನ್ನಬ್ಯಾಡ್ರಿ. ಅಕ್ಟೋಬರ್ ಅನ್ರಿ. ಡಾಕ್ಟರ್ ಕೇಳ್ತಾರ."

"ಡಾಕ್ಟರಗ ತಿಂಗಳ ಗೊತ್ತಿಲ್ಲೇನ? ಗೋಡಿಗೆ ಕ್ಯಾಲೆಂಡರ್ ಇರಂಗಿಲ್ಲೇನ ಅವನ ಕಡೆ?"

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣಲ್ಲಿ ನೀರು ಬಂತು. ಹೊಗೆ ಎಂದು ಒರೆಸಿಕೊಂಡಳು. ಗ್ಯಾಸಿನ ಒಲೆಗೆ ಎಲ್ಲಿಯ ಹೊಗೆ? ಬಾಬಾಸಾಹೇಬರು ಕೇಳಲಿಲ್ಲ. ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು, "ಅಕ್ಟೋಬರ್," ಎಂದರು, ಪಾಠ ಒಪ್ಪಿಸಿದ ಹುಡುಗನ ಹಾಗೆ.

ಚಿಕ್ಕೋಡಿಗೆ ಹೊರಟ ಬೆಳಿಗ್ಗೆ ಲಕ್ಕವ್ವ ಅವರ ತಲೆ ತೊಳೆದಳು. ಎಣ್ಣೆ ಒಂದು ಹನಿಯೂ ಇರಬಾರದೆಂದು, ರಜೆ ಮುಗಿಸಿ ಹಾಸ್ಟೆಲಿಗೆ ಮರಳಿದ್ದ ಸ್ನೇಹಲ ಫೋನಿನಲ್ಲಿ ಮೂರು ಸಲ ಹೇಳಿದ್ದಳು. ಈಶ್ವರ ಕಾರು ನಡೆಸಿದ; ಕುಡಚಿ ಸೇತುವೆ ಬಂತು. ಕೆಳಗೆ ಕೃಷ್ಣೆ ಕೆಂಪಾಗಿ ಹರಿಯುತ್ತಿದ್ದಳು.

"ಮಿದುಳಿನ ಅಲಿ ಅಂದ್ರ ಹಿಂಗ ಇರ್ತಾವೇನ?" ಎಂದರು ಬಾಬಾಸಾಹೇಬರು. ಮಗ ಗೇರು ಬದಲಿಸಿದ.

ಆಸ್ಪತ್ರೆಯಲ್ಲಿ ಸ್ನೇಹಲ ಕಾಯುತ್ತಿದ್ದಳು. ಡಾಕ್ಟರ್ ಸುಜಯ ಅನ್ನುವವರು, ವಯಸ್ಸಿನ್ನೂ ಸಣ್ಣದು. ಮನೆಯವರು ಹೊರಗೆ ಕೂಡಬೇಕು ಎಂದರು.

"ಅವರಿಗೆ ಕಿವಿ ಮಂದ ಐತ್ರಿ," ಎಂದಳು ಲಕ್ಕವ್ವ. "ನಾ ಹೇಳಿದ್ರ ಅಷ್ಟ ತಿಳಿತೈತಿ."

ಸ್ನೇಹಲ ಅಜ್ಜಿಯತ್ತ ನೋಡಿದಳು. ಅಜ್ಜನಿಗೆ ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಿ ತೆರೆದರೆ ಅಂಗಳದಲ್ಲಿ ಕೇಳಿಸುತ್ತಿತ್ತು. ಡಾಕ್ಟರು, "ಸರಿ, ಅಲ್ಲೇ ಮೂಲ್ಯಾಗ ಕೂಡ್ರಿ, ಮಾತಾಡಬ್ಯಾಡ್ರಿ," ಎಂದು ಒಂದು ಕುರ್ಚಿ ತೋರಿಸಿ ಹೊರಗೆ ಹೋದರು.

ಯಂತ್ರ ನೋಡಿಕೊಳ್ಳುವ ಹುಡುಗಿಯ ಹೆಸರು ಮಾಯಾ. ಬಾಬಾಸಾಹೇಬರ ಟೊಪ್ಪಿಗೆ ತೆಗೆದು ಲಕ್ಕವ್ವನ ಕೈಗೆ ಕೊಟ್ಟಳು. ಹಣೆಯ ಮೇಲೆ ಟೊಪ್ಪಿಗೆ ಕೂಡುವ ಜಾಗದಲ್ಲಿ ಬಿಸಿಲು ಕಾಣದ ಬಿಳಿ ಪಟ್ಟಿ. ಪರರ ಮನೆಯಲ್ಲಿ ಅವರು ಬರಿ ತಲೆಯಲ್ಲಿ ಕೂತದ್ದನ್ನು ಲಕ್ಕವ್ವ ನೋಡಿದ್ದು ಸಾವಿನ ಮನೆಗಳಲ್ಲಿ ಮಾತ್ರ. ಟೊಪ್ಪಿಗೆಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

ಮಾಯಾ ಕೂದಲು ಬಿಡಿಸಿ ಬಿಡಿಸಿ, ಬಿಳಿ ಪೇಸ್ಟ್ ಹಚ್ಚಿ, ಗುಂಡಿಯಂಥ ತುದಿಯ ವೈರುಗಳನ್ನು ಅಂಟಿಸತೊಡಗಿದಳು.

"ನನ್ನ ತಲಿಗೂ ಪೇಸ್ಟ್ ಹಚ್ಚಾಕತ್ತಿಯೇನವಾ?" ಎಂದರು ಬಾಬಾಸಾಹೇಬರು. "ನಮ್ಮ ತೋಟದಾಗ ಹಿಂಗ ಒಂದೊಂದ ಕಣ್ಣಿಗೆ ಹಚ್ಚತಾರ, ಒಮ್ಮಿಗೆ ಚಿಗಿಯಾಕ. ನೋಡ ಮತ್ತ, ವಾರದಾಗ ನನ್ನ ತಲಿ ತುಂಬ ಎಲಿ ಬಂದಾವು."

ಮಾಯಾ ನಕ್ಕುಬಿಟ್ಟಳು. ಲಕ್ಕವ್ವನಿಗೂ ಧೈರ್ಯ ಬಂತು. ಇಷ್ಟು ಚೆನ್ನಾಗಿ ಮಾತಾಡುವವರನ್ನು ಯಾರು ಏನನ್ನುತ್ತಾರೆ?

ಮೊದಲು ಕಣ್ಣು ಮುಚ್ಚಿ ಸುಮ್ಮನೆ ಕೂಡಬೇಕಿತ್ತು, ಕೂತರು. ಕಂಪ್ಯೂಟರಿನ ಮೇಲೆ ಗೆರೆಗಳು ಒಂದರ ಕೆಳಗೊಂದು ಹರಿದವು. ಆಮೇಲೆ ಪ್ರಶ್ನೆ.

"ಅಜ್ಜಾರ, ನಾ ಒಂದಿಷ್ಟ ಹೆಸರು ಹೇಳತೀನಿ, ನೆಪ್ಪ ಇಟ್ಕೋರಿ. ಬುಟ್ಟಿ, ಕುದರಿ, ಹಗ್ಗ, ಲಿಂಬಿಹಣ್ಣು."

ಲಕ್ಕವ್ವ ಬೆರಳು ಮಡಚಿಕೊಂಡಳು. ಬುಟ್ಟಿ, ಕುದರಿ, ಹಗ್ಗ, ಲಿಂಬಿಹಣ್ಣು.

"ಇದು ಯಾವ ತಿಂಗಳ್ರಿ ಅಜ್ಜಾರ?"

ಬಾಬಾಸಾಹೇಬರು ಮೂಲೆಯತ್ತ ತಿರುಗಿದರು. ಲಕ್ಕವ್ವನ ತುಟಿ ಅಲುಗಿತು.

"ಅಕ್ಟೋಬರ್."

"ನಾ ಹೇಳಿದ ಹೆಸರು ಹೇಳ್ರಿ."

ಮತ್ತೆ ತಿರುಗಿದರು. "ಬುಟ್ಟಿ..." ತಿರುಗಿದರು. "ಕುದರಿ..."

"ಅಲುಗಾಡಬ್ಯಾಡ್ರಿ ಅಜ್ಜಾರ, ಗೆರಿ ಕೆಡತಾವು," ಎಂದಳು ಮಾಯಾ. ಲಕ್ಕವ್ವನ ಕಡೆಗೂ ಒಮ್ಮೆ ನೋಡಿದಳು. ಲಕ್ಕವ್ವ ಟೊಪ್ಪಿಗೆಯ ನೂಲು ಸರಿಮಾಡುತ್ತ ಕೂತಳು.

ಮುಗಿದ ಮೇಲೆ ಡಾಕ್ಟರು ಎಲ್ಲರನ್ನೂ ಒಳಗೆ ಕರೆದರು. ಬಾಬಾಸಾಹೇಬರ ತಲೆಯ ವೈರು ಇನ್ನೂ ತೆಗೆದಿರಲಿಲ್ಲ. ಈಶ್ವರ ಬಾಗಿಲ ಬಳಿ ಕೈ ಕಟ್ಟಿ ನಿಂತ.

"ಇದು ಸುಮ್ಮ ಕುಂತಾಗಿನ ಗೆರಿ," ಡಾಕ್ಟರು ಪರದೆಯ ಮೇಲೆ ಬೆರಳಿಟ್ಟರು. "ಇಲ್ಲಿಂದ ಮುಂದ ನೋಡ್ರಿ. ಒಮ್ಮಿಂದೊಮ್ಮೆ ಎಲ್ಲಾ ಕಲಸಿ ಹೋಗ್ಯಾವು. ಇದು ಮಿದುಳಿಂದಲ್ಲ. ಕಣ್ಣ ಹೊರಳಿದ್ರ, ಕುತ್ತಿಗಿ ತಿರುಗಿದ್ರ ಹಿಂಗ ಬರತೈತಿ. ಇಲ್ಲಿ ಒಂದ, ಇಲ್ಲಿ ಒಂದ, ಇಲ್ಲಿ. ಪ್ರಶ್ನಿ ಕೇಳಿದಾಗೆಲ್ಲ ತಿರುಗ್ಯಾರ. ಯಾವ ಕಡೆ ತಿರುಗಿದ್ರು ಮಾಯಾ?"

ಮಾಯಾ ತಲೆ ತಗ್ಗಿಸಿದಳು. "ಅಜ್ಜಿ ಕುಂತ ಕಡೆ ಸರ್."

ಎರಡು ವರ್ಷ ಊರಿನ ಯಾರ ಕಣ್ಣಿಗೂ ಬೀಳದಂತೆ ಕಾಪಾಡಿದ್ದು ಅಲ್ಲಿ, ಮಗನ ಎದುರು, ಗಾಜಿನ ಮೇಲೆ ಗೀಚಿಕೊಂಡು ಬಿದ್ದಿತ್ತು. ಲಕ್ಕವ್ವನಿಗೆ ಸೆರಗು ಜಾರಿ ನಡುಬೀದಿಯಲ್ಲಿ ನಿಂತಂತಾಯಿತು.

"ಅಕಿನ್ನ ಕೇಳದ ನಾ ಹೆಂಗ ಹೇಳ್ಲಿ?" ಬಾಬಾಸಾಹೇಬರು ತಮಗೆ ತಿಳಿದ ಸರಳ ಸಂಗತಿಯನ್ನು ಡಾಕ್ಟರಿಗೆ ತಿಳಿಸಿಕೊಟ್ಟರು. "ನನಗ ಬರದ್ದೆಲ್ಲಾ ಅಕಿ ಕಡೆ ಇರತೈತಿ. ಚಾಟಣ್ಯಾಗೂ ಅಕೀನ ಹೇಳತಾಳ, ಎಷ್ಟ ಕಣ್ಣ ಅಂತ. ಈ ಸಲ ಇರಲಿಲ್ಲ ಅಕಿ."

ಈಶ್ವರ ಕಟ್ಟಿದ ಕೈ ಬಿಟ್ಟ. "ಅವ್ವಾ?"

ಅವಳು ನೆಲ ನೋಡಿದಳು.

"ಅವ್ವಾ, ಯಾವಾಗಿಂದ ಇದು?"

"ಅಮ್ಮಾರ," ಡಾಕ್ಟರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಇನ್ನಷ್ಟು ಚುಚ್ಚಿತು. "ಈ ಗೆರಿ ಒಂದರಿಂದ ಏನೂ ತೀರ್ಮಾನ ಆಗಂಗಿಲ್ರಿ. ಇದು ಅರ್ಧಾ ಅಷ್ಟ ಹೇಳತೈತಿ. ಉಳಿದ ಅರ್ಧಾ ಜೋಡಿ ಇದ್ದವರು ಹೇಳಬೇಕು."

"ಎರಡ ವರ್ಷಾತ್ರಿ," ಎಂದಳು ಲಕ್ಕವ್ವ. ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಬೇಕಾಯಿತು. "ಎರಡ ವರ್ಷ. ಮೊದಲ ಮಂದಿ ಹೆಸರು. ಆಮ್ಯಾಲ ದಾರಿ. ಹೋದ ಬ್ಯಾಸಗ್ಯಾಗ ಕಾಗವಾಡ ಕಡೆ ಹೋದವರು ಸಂಜಿ ಆದ್ರೂ ಬರಲಿಲ್ಲ. ನಾನ ಹೋಗಿ ಕರ್ಕೊಂಡ ಬಂದೆ. ಮನ್ಯಾಗ ಬೀಗರ ಕಡೆ ಹೋಗಿದ್ವಿ ಅಂತ ಹೇಳಿದೆ. ಅವರಿಗೆ ಕಿವಿ ಮಂದ ಇಲ್ರಿ. ಸುಳ್ಳ ಹೇಳಿದೆ."

ಇನ್ನೊಮ್ಮೆ ಬರೆದುಕೊಳ್ಳಬೇಕು, ಈ ಸಲ ಯಾರೂ ಒಳಗಿರಬಾರದು ಎಂದರು ಡಾಕ್ಟರು.

ಹೊರಗೆ ಬೆಂಚಿನ ಮೇಲೆ ತಾಯಿ ಒಂದು ತುದಿಗೆ, ಮಗ ಒಂದು ತುದಿಗೆ ಕೂತರು. ನಡುವೆ ಟೊಪ್ಪಿಗೆ. ಮುಚ್ಚಿದ ಬಾಗಿಲಿನ ಆಚೆ ಮಾಯಾ ಏನೋ ಕೇಳಿದ್ದು ಕೇಳಿಸಿತು. ಆಮೇಲೆ ಬಾಬಾಸಾಹೇಬರ ದನಿ: "ಏ, ಎಲ್ಲಿ ಹೋದಿ? ಏ ಇಕೀನ?"

ಲಕ್ಕವ್ವ ಎದ್ದೇಬಿಟ್ಟಳು. ಈಶ್ವರ ಅವಳ ಕೈ ಹಿಡಿದು ಕೂರಿಸಿದ. ಒಳಗೆ ಇನ್ನೊಮ್ಮೆ ಕರೆದರು. ಮೂರನೆಯ ಸಲ ಕರೆಯಲಿಲ್ಲ.

ಗೆರೆಗಳು ಈ ವಯಸ್ಸಿಗೆ ಇರಬೇಕಾದ್ದಕ್ಕಿಂತ ನಿಧಾನವಾಗಿವೆ, ಮರೆವಿನ ಕಾಯಿಲೆಯ ಆರಂಭ ಇರಬಹುದು ಎಂದರು ಡಾಕ್ಟರು. ರಕ್ತ ಪರೀಕ್ಷೆ, ಸ್ಕ್ಯಾನು ಆಗಲಿ, ಆಮೇಲೆ ಖಚಿತವಾಗಿ ಹೇಳುತ್ತೇವೆ. ಪೂರ್ತಿ ಗುಣವಾಗುವಂಥದ್ದಲ್ಲ; ಆದರೆ ಮನೆಯವರಿಗೆ ಗೊತ್ತಿದ್ದರೆ ಇರುವ ದಿನ ಹಗುರಾಗುತ್ತವೆ. "ಮೊದಲ ತಿಳಿಲಿ ಅಂತನ ನಾವು ಇದನ್ನ ಮಾಡಾಕತ್ತೀವಿ," ಎಂದರು. ಲಕ್ಕವ್ವನ ಕಿವಿಯಲ್ಲಿ ಆ 'ಮೊದಲ' ಎಂಬ ಮಾತೊಂದೇ ಉಳಿಯಿತು.

ದಾರಿಯಲ್ಲಿ ರಾಯಬಾಗದ ಹತ್ತಿರ ಚಹಾಕ್ಕೆ ನಿಂತರು. ಬಾಬಾಸಾಹೇಬರ ತಲೆಯಲ್ಲಿ ಪೇಸ್ಟ್ ಒಣಗಿ ಬಿಳಿ ಬಿಳಿಯಾಗಿ ಅಂಟಿಕೊಂಡಿತ್ತು. ಟೊಪ್ಪಿಗೆ ಇಡಲು ಹೋದರೆ ಕೂಡಲಿಲ್ಲ. ಈಶ್ವರ ಕರವಸ್ತ್ರವನ್ನು ಚಹಾದಂಗಡಿಯ ನೀರಿನಲ್ಲಿ ಅದ್ದಿ, ತಂದೆಯ ಹಿಂದೆ ನಿಂತು, ಒಂದೊಂದೇ ಕಡೆ ನೆನೆಸಿ ಒರೆಸತೊಡಗಿದ. ಒರೆಸುತ್ತ ಒರೆಸುತ್ತ ಅವನ ಕೈ ನಿಂತಿತು. ಇದೇ ತಲೆಗೆ ಅವನು ಕತ್ತರಿ ಹಾಕಿಕೊ ಎಂದಿದ್ದ.

"ಒರಸಲೇ, ಯಾಕ ನಿಂತಿ," ಎಂದರು ಬಾಬಾಸಾಹೇಬರು, ಬಶಿಯಲ್ಲಿ ಚಹಾ ಊದುತ್ತ.

ಮನೆಗೆ ಬಂದು ಅಡುಗೆಮನೆಯಲ್ಲಿ ತಾಯಿಯೊಬ್ಬಳೇ ಸಿಕ್ಕಾಗ ಈಶ್ವರನ ಮಾತು ಕಟ್ಟೆಯೊಡೆಯಿತು.

"ನನ್ನ ಯಾಕ ಪಾಪಿ ಮಾಡಿದಿ ಅವ್ವಾ? ಅವತ್ತ ಅಂಗಳದಾಗ ಒಂದ ಮಾತ ಹೇಳಿದ್ರ ನನ್ನ ನಾಲಿಗಿ ಅಷ್ಟ ಉದ್ದ ಹೋಗ್ತಿತ್ತೇನ?"

"ಮಂದಿ ನಗತಿದ್ರಪ್ಪಾ."

"ಮಂದಿ! ನಾ ಮಂದಿಯೇನ? ಎರಡ ವರ್ಷ ನಿನ್ನ ಕಿವ್ಯಾಗಿಂದ ನನ್ನ ಕಿವಿಗೆ ಬರಾಕ ದಾರಿ ಇರಲಿಲ್ಲೇನ? ಎರಡ ವರ್ಷ ಮೊದಲ ತೋರಸ್ತಿದ್ವಿ."

ಲಕ್ಕವ್ವ ಹಿಟ್ಟು ನಾದಿದಳು. ನಾದಿದ್ದನ್ನೇ ಮತ್ತೆ ನಾದಿದಳು. ಗಂಡನ ಮಾನ ಕಾಯುತ್ತೇನೆ ಎಂದುಕೊಂಡಿದ್ದಳು. ಕಾದದ್ದು ತನ್ನ ಹೆಮ್ಮೆಯನ್ನೇ ಏನೋ. ಮನೀಷಾ ಒಳಗೆ ಬಂದು ಅತ್ತೆಯ ಕೈಯಿಂದ ಹಿಟ್ಟಿನ ಪರಾತ ತೆಗೆದುಕೊಂಡಳು. "ಬಿಡ್ರಿ ಅತ್ತಿ, ರೊಟ್ಟಿ ಬಿರಸ ಆಗತಾವು." ಆ ಸಂಜೆ ಈಶ್ವರ ತಂದೆಯ ಪಕ್ಕದಲ್ಲೇ ತಾಟು ಹಾಕಿಕೊಂಡ. ಮರುದಿನ ಲಕ್ಕವ್ವ ಕಸ ಹೊಡೆಯಲು ಹಿತ್ತಲ ಕೋಣೆಗೆ ಹೋದಾಗ ಗ್ಯಾಸಿನ ಒಲೆಯ ಡಬ್ಬಿ ಅಲ್ಲಿರಲಿಲ್ಲ. ಎಲ್ಲಿ ಹೋಯಿತೆಂದು ಅವಳು ಕೇಳಲಿಲ್ಲ, ಸೊಸೆ ಹೇಳಲಿಲ್ಲ.

ದೀಪಾವಳಿಗೆ ಇನ್ನೂ ಕೆಲವು ದಿನವಿರುವಾಗ ಹೊಸ ಪ್ಲಾಟಿನ ಚಾಟಣಿ ಬಂತು. ಉಳಿದದ್ದು ಅದೊಂದೇ. ಜಕ್ಕಪ್ಪನ ಗ್ಯಾಂಗು ಬೆಳಿಗ್ಗೆಯೇ ಸಾಲಿನ ತಲೆಯಲ್ಲಿ ನಿಂತಿತು. ತಾರವ್ವ ಹೆಣ್ಣಾಳುಗಳ ಜೊತೆ ಬಕೆಟ್ಟಿನಲ್ಲಿ ಪೇಸ್ಟ್ ಕಲಸುತ್ತಿದ್ದಳು. ಲಕ್ಕವ್ವ ಆರತಿ ತಟ್ಟೆ ತಂದಳು. ಈಶ್ವರ ಕಾಯಿ ಒಡೆದ.

"ಮೊದಲಿನ ಬಳ್ಳಿ ಯಾರ ಕತ್ತರಸ್ತಾರ್ರಿ ತಮ್ಮಾರ?" ಜಕ್ಕಪ್ಪ ಎಲ್ಲೋ ನೋಡುತ್ತ ಕೇಳಿದ.

"ಯಾವಾಗ್ಲೂ ಯಾರ ಕತ್ತರಸ್ತಾರ?" ಈಶ್ವರ ಕತ್ತರಿಯನ್ನು ತಂದೆಯ ಕೈಗಿಟ್ಟ.

ಬಾಬಾಸಾಹೇಬರು ಕಡ್ಡಿ ಹಿಡಿದು ನಿಂತರು. ಕತ್ತರಿ ಮೇಲೆ ಹೋಯಿತು, ಕೆಳಗೆ ಬಂತು, ನಿಂತಿತು. ಲಕ್ಕವ್ವ ಕುಂಕುಮ ಹಚ್ಚುವ ನೆವದಲ್ಲಿ ಹತ್ತಿರ ಸರಿದಳು. ತುಟಿ ಸಿದ್ಧವಾಗಿತ್ತು.

"ಅಪ್ಪಾ!" ತಂತಿಯ ಆಚೆಯಿಂದ ಈಶ್ವರ ಎಲ್ಲರಿಗೂ ಕೇಳುವಂತೆ ಕೂಗಿದ. "ಇದು ಹಣ್ಣಿನ ಚಾಟಣಿ. ಎಂಟ ಕಣ್ಣ ಬಿಡಬೇಕ."

ಗ್ಯಾಂಗಿನವರು ಮುಖ ಮುಖ ನೋಡಿಕೊಂಡರು. ಈಶ್ವರ ಅವರ ಕಡೆ ತಿರುಗಿದ. ಹೇಳಲು ಅವನಿಗೂ ಕಷ್ಟವಾಗುತ್ತಿತ್ತು; ಕಿವಿ ಕೆಂಪಾಗಿದ್ದವು.

"ಜಕ್ಕಪ್ಪಾ, ನಮ್ಮಪ್ಪಗ ನೆಪ್ಪ ಉಳಿಯಾಕತ್ತಿಲ್ಲ. ಅದು ಜಡ್ಡು, ಹಟ ಅಲ್ಲ. ಅವತ್ತ ನಾ ಆಡಬಾರದ ಮಾತ ನಿಮ್ಮ ಮುಂದ ಆಡೀನಿ. ಅದಕ್ಕ ನಿಮ್ಮ ಮುಂದನ ಹೇಳತೀನಿ. ತಪ್ಪ ನಂದು."

ಹೆಣ್ಣಾಳುಗಳ ಗುಂಪಿನಲ್ಲಿ ಯಾರೋ ಒಬ್ಬಳು ಕಿಸಕ್ಕನೆ ನಕ್ಕಳು. "ಏ, ಬಕೀಟ ನೋಡ, ಗಂಟ ಆಗಾಕತ್ತೇತಿ," ಎಂದು ತಾರವ್ವ ಅವಳನ್ನು ಗದರಿದಳು. ಲಕ್ಕವ್ವನಿಗೆ ಆ ನಗು ಕೇಳಿಸಿತ್ತು. ಎರಡು ವರ್ಷ ಯಾವ ನಗುವಿಗೆ ಹೆದರಿದ್ದಳೋ ಅದು ಬಂದೇಬಿಟ್ಟಿತು, ಇಷ್ಟೇ ಇಷ್ಟು. ಮುಖ ಸುಡುತ್ತಿತ್ತು. ತಟ್ಟೆಯ ದೀಪದ ಕಾವೆಂದು ಹೇಳಿಕೊಳ್ಳಲು ದೀಪ ಗಾಳಿಗೆ ಆರಿಹೋಗಿತ್ತು.

"ಒದರತೀಯಾಕಲೇ?" ಬಾಬಾಸಾಹೇಬರು ಮಗನಿಗೆ ಗದರಿದರು. "ನನಗೇನ ಕಿವಿ ಮಂದ ಐತೇನ?"

ಕತ್ತರಿ ಎಂಟು ಕಣ್ಣು ದಾಟಿ ಕಡ್ಡಿ ಕಚ್ಚಿತು. ಸರಿಯಾದ ಜಾಗದಲ್ಲಿ, ಓರೆಯಾಗಿ, ಒಂದೇ ಏಟಿಗೆ. ಕೈಗೆ ಏನೂ ಮರೆತಿರಲಿಲ್ಲ. ಇನ್ನೊಂದು ಕಡ್ಡಿ. ಮತ್ತೊಂದು. ಗ್ಯಾಂಗು ನೋಡಿಕೊಂಡು ಕೆಲಸಕ್ಕೆ ಬಾಗಿತು.

ಎರಡನೆಯ ಸಾಲಿನ ತಲೆಗೆ ಬಂದರು. ಬಾಬಾಸಾಹೇಬರು ಕತ್ತರಿ ಎತ್ತಿದರು, ತಡೆದರು. ರೂಢಿಯಂತೆ ಹಿಂದೆ ತಿರುಗಿ ಹೆಂಡತಿಯ ಮುಖ ಹುಡುಕಿದರು. ಈಶ್ವರ ದೂರದಲ್ಲಿ ಪಂಪಿನ ಬಳಿಯಿದ್ದ. ಜಕ್ಕಪ್ಪ ನೋಡುತ್ತಿದ್ದ. ನಕ್ಕಿದ್ದ ಹುಡುಗಿಯೂ ನೋಡುತ್ತಿದ್ದಳು.

ಲಕ್ಕವ್ವ ಹತ್ತಿರ ಹೋಗಲಿಲ್ಲ. ನಿಂತಲ್ಲೇ ಸೆರಗು ಹಣೆಯವರೆಗೆ ಎಳೆದುಕೊಂಡು, ಬಾಯಿ ತೆರೆದಳು.

"ಎಂಟ್ರೀ!"

ದನಿ ಒಡೆದು, ಬೇಕಾದ್ದಕ್ಕಿಂತ ಜೋರಾಗಿ ಬಂತು. ಅವಳೇ ಬೆಚ್ಚಿದಳು.

"ಎಂಟ!" ಎಂದು ಜಕ್ಕಪ್ಪ, ಅಳತೆ ಹೇಳುವಾಗ ಯಾವಾಗಲೂ ಕೂಗುವಂತೆ, ಸಾಲಿನೊಳಗೆ ಕೂಗಿದ. "ಎಂಟ!" ಎಂದು ಒಳಗಿನಿಂದ ಇನ್ನೊಬ್ಬ. ಅದರಾಚೆ ಬಳ್ಳಿಗಳ ನಡುವೆ ಕಾಣದ ಮತ್ತೊಬ್ಬ. ಮಾತು ತೋಟದ ಕೊನೆಯವರೆಗೂ ಹೋಯಿತು. ಬಾಬಾಸಾಹೇಬರು ತಲೆಯಾಡಿಸಿ ಕತ್ತರಿ ಇಟ್ಟರು.